ಏರ್ ಸಸ್ಪೆನ್ಷನ್ ಗಾಡಿ ಇಳಿಸಿದ ಮೇಲೆ ಬರುವ ತೊಂದರೆ: ಗಾಳಿಯದೋ, ಲೆಕ್ಕದ್ದೋ?

ಏರ್ ಸಸ್ಪೆನ್ಷನ್ ಗಾಡಿ ನಿಲ್ಲುವುದು ಲೋಹದ ಸ್ಪ್ರಿಂಗ್ ಬದಲು ರಬ್ಬರ್ ಚೀಲದೊಳಗಿನ ಗಾಳಿಯ ಮೇಲೆ. ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಓದುವ ಸಾಧನ) ಹಾಕಿ ಕ್ಯಾಲಿಬ್ರೇಷನ್, ಅಂದರೆ ಎತ್ತರದ ಲೆಕ್ಕ ಬದಲಿಸಿ, ಗಾಡಿಯ ಎತ್ತರ ಇಳಿಸಿದ ಮೇಲೆ ಬರುವ ದೂರುಗಳು ಹೆಚ್ಚುಕಮ್ಮಿ ಇಷ್ಟೇ. ಒಂದು ಮೂಲೆ ಕುಸಿದಿದೆ, ಬೆಳಿಗ್ಗೆ ಎದ್ದು ನೋಡಿದರೆ ಗಾಡಿ ಕೂತಿದೆ, ಕಂಪ್ರೆಸರ್ ನಿಲ್ಲುತ್ತಿಲ್ಲ, ಡ್ಯಾಶ್‌ಬೋರ್ಡಿನ ಹಳದಿ ಲೈಟ್ ಹೋಗುತ್ತಿಲ್ಲ, ಇಳಿಸಲು ಹೋದರೆ ಏರಿಬಿಟ್ಟಿದೆ. ಇವುಗಳ ಹಿಂದೆ ಇರುವುದು ಎರಡೇ ಬಗೆಯ ದೋಷ. ಗಾಳಿಯ ದೋಷ ಎಂದರೆ ಎಲ್ಲೋ ಸೋರುತ್ತಿದೆ ಅಥವಾ ಕಂಪ್ರೆಸರ್ ಸಾಕಷ್ಟು ತುಂಬುತ್ತಿಲ್ಲ. ಲೆಕ್ಕದ ದೋಷ ಎಂದರೆ ಗಾಳಿಯೆಲ್ಲ ಸರಿಯಿದೆ, ಎತ್ತರ ನೋಡಿಕೊಳ್ಳುವ ಕಂಪ್ಯೂಟರ್ ಆದ ಕಂಟ್ರೋಲ್ ಮಾಡ್ಯೂಲ್‌ಗೆ ಕೊಟ್ಟ ಸಂಖ್ಯೆಯೋ ಹೈಟ್ ಸೆನ್ಸರ್ ಹೇಳುತ್ತಿರುವ ಸಂಖ್ಯೆಯೋ ತಪ್ಪಿದೆ. ಇವೆರಡನ್ನೂ ಬೇರ್ಪಡಿಸದೆ ಸ್ಪ್ಯಾನರ್ ಹಿಡಿದರೆ ಚೆನ್ನಾಗಿರುವ ಸ್ಟ್ರಟ್ (ಗಾಳಿಚೀಲ, ಶಾಕ್ ಸೇರಿದ ಕಂಬ) ಬಿಚ್ಚಿ ಹೊಸದು ಹಾಕಿಸಿ, ದೋಷ ಮಾತ್ರ ಹಾಗೇ ಉಳಿಯುತ್ತದೆ. ದಾವಣಗೆರೆ, ಚಿತ್ರದುರ್ಗದ ಕಡೆ ಇಂಥ ಗಾಡಿಗಳ ಬಿಡಿಭಾಗ ಅಂಗಡಿಯಲ್ಲಿ ಕೇಳಿದ ತಕ್ಷಣ ಸಿಗುವಂಥದ್ದಲ್ಲ. ಅದಕ್ಕೇ ಅಳತೆ ಮೊದಲು, ಆರ್ಡರ್ ಆಮೇಲೆ.

ಉದಾಹರಣೆಗೆ 2000ದ ದಶಕದ ಆಡಿ ಎ8 (4ಇ ಸರಣಿ) ತೆಗೆದುಕೊಂಡಿದ್ದೇವೆ. ಹಳೇ ಗಾಡಿ ಮಾರುಕಟ್ಟೆಯಲ್ಲಿ ಇದು ಓಡಾಡುತ್ತಿರುತ್ತದೆ, ಇದರ ಕ್ಯಾಲಿಬ್ರೇಷನ್ ನೇರವಾಗಿ ಮಿಲಿಮೀಟರ್‌ನಲ್ಲೇ ನಡೆಯುತ್ತದೆ. 1998ರಲ್ಲಿ ಎಸ್-ಕ್ಲಾಸ್ ಡಬ್ಲ್ಯೂ220 ಜೊತೆ ಬಂದ ಮರ್ಸಿಡಿಸ್ ಏರ್‌ಮ್ಯಾಟಿಕ್‌ನಲ್ಲಿ ಕಂಟ್ರೋಲ್ ಆರ್ಮ್ ಮೇಲೆ ಇನ್‌ಕ್ಲಿನೋಮೀಟರ್ ಇಟ್ಟು ಕೋನದಲ್ಲಿ ಅಳೆಯುತ್ತಾರೆ. ಅಳೆಯುವ ಬಗೆ ಬೇರೆಯಾದರೂ ತರ್ಕ ಒಂದೇ.

ಮಾಡ್ಯೂಲ್ ಏನನ್ನು ನಂಬುತ್ತದೆ

ಕ್ಯಾಲಿಬ್ರೇಷನ್ ಗಾಡಿಯ ಯಾವ ಭಾಗವನ್ನೂ ಬದಲಿಸುವುದಿಲ್ಲ. ಪ್ರತಿ ಚಕ್ರದ ಹತ್ತಿರ ಒಂದು ಹೈಟ್ ಸೆನ್ಸರ್ ಇದೆ, ಅದರ ಪುಟ್ಟ ತೋಳನ್ನು ಲಿಂಕ್ ರಾಡ್ ಒಂದು ಸಸ್ಪೆನ್ಷನ್ ಆರ್ಮ್‌ಗೆ ಜೋಡಿಸುತ್ತದೆ. ತೋಳು ತಿರುಗಿದಷ್ಟು ಸಿಗ್ನಲ್ ಬದಲಾಗುತ್ತದೆ. ಆ ಸಿಗ್ನಲ್ ಎಷ್ಟು ಮಿಮೀ ಎತ್ತರಕ್ಕೆ ಸಮ ಎಂದು ಮಾಡ್ಯೂಲ್‌ಗೆ ತಿಳಿದಿರುವುದಿಲ್ಲ, ನಾವು ಹೇಳಬೇಕು. ನಾವು ಹೇಳಿದ ಎತ್ತರ ತನ್ನಲ್ಲಿರುವ ಗುರಿಗಿಂತ ಹೆಚ್ಚಿದ್ದರೆ ಗಾಳಿ ಬಿಡುತ್ತದೆ, ಕಡಿಮೆಯಿದ್ದರೆ ತುಂಬುತ್ತದೆ.

ಎ8ನ ಸಾಮಾನ್ಯ ಸಸ್ಪೆನ್ಷನ್‌ನಲ್ಲಿ ವೀಲ್‌ನ ನಡು ಬಿಂದುವಿನಿಂದ ನೆಟ್ಟಗೆ ಮೇಲಿರುವ ಫೆಂಡರ್ ಅಂಚಿನವರೆಗೆ ಗುರಿ ಎತ್ತರ ಮುಂದೆ 407 ಮಿಮೀ, ಹಿಂದೆ 401 ಮಿಮೀ. ಸ್ಪೋರ್ಟ್ಸ್ ಸಸ್ಪೆನ್ಷನ್ ಇದ್ದರೆ 387 ಮತ್ತು 381. ಹೀಗಾಗಿ ಯಾವುದು ಇದೆ ಎಂದು ಮೊದಲೇ ಖಚಿತ ಮಾಡಿಕೊಳ್ಳಿ. ಈಗಾಗಲೇ 20 ಮಿಮೀ ಕೆಳಗಿರುವ ಸ್ಪೋರ್ಟ್ಸ್ ಗಾಡಿಯನ್ನು ಸಾಮಾನ್ಯ ಗಾಡಿ ಅಂದುಕೊಂಡು ಇನ್ನಷ್ಟು ಇಳಿಸುವುದು ಸುಲಭವಾಗಿ ಆಗುವ ತಪ್ಪು.

ಇಳಿಸುವ ಲೆಕ್ಕ ಹೀಗಿದೆ: ತುಂಬಬೇಕಾದ ಸಂಖ್ಯೆ = ಈಗಿನ ನಿಜವಾದ ಅಳತೆ + ಗುರಿಗಿಂತ ಒಟ್ಟು ಎಷ್ಟು ಕೆಳಗೆ ಬೇಕೋ ಅಷ್ಟು ಮಿಮೀ.

ಮುಂದಿನ ಎಡ 409, ಬಲ 405, ಹಿಂದಿನ ಎಡ 401, ಬಲ 402 ಇದೆ ಎನ್ನಿ. 20 ಮಿಮೀ ಇಳಿಸಬೇಕಾದರೆ 429, 425, 421, 422 ತುಂಬಬೇಕು. ಮಾಡ್ಯೂಲ್ ಮುಂದೆ ಎಡಕ್ಕೆ 22, ಬಲಕ್ಕೆ 18 ಮಿಮೀ ಇಳಿಸುತ್ತದೆ, ಎರಡೂ 387ಕ್ಕೆ ಬಂದು ನಿಲ್ಲುತ್ತವೆ. ಹಿಂದೆ ಎರಡೂ 381. ಮೊದಲಿದ್ದ ಎಡ-ಬಲದ ವ್ಯತ್ಯಾಸವೂ ಅದರಲ್ಲೇ ತೀರಿತು.

ಈ ಲೆಕ್ಕ ತಪ್ಪುವ ದಾರಿ ಮೂರು, ಮೂರಕ್ಕೂ ಬೇರೆ ಬೇರೆ ಲಕ್ಷಣ. ಬೇಕಾದ ಎತ್ತರವನ್ನೇ, ಅಂದರೆ 407ರಲ್ಲಿರುವ ಮೂಲೆಗೆ 387 ಅಂತ ತುಂಬಿದರೆ, ಗಾಡಿ 20 ಮಿಮೀ ಕೆಳಗಿದೆ ಎಂದು ಮಾಡ್ಯೂಲ್ ತಿಳಿದು 427ಕ್ಕೆ ಏರಿಸುತ್ತದೆ. ‘ಇಳಿಸಲು ಹೋದರೆ ಏರಿತು’ ಎಂಬ ದೂರಿಗೆ ಮೊದಲು ನೋಡಬೇಕಾದದ್ದು ಇದನ್ನೇ. ಎರಡನೆಯದು, ಅಳೆಯದೆ ಮುಂದಿನ ಎರಡಕ್ಕೂ 427 ತುಂಬುವುದು. ಆಗ 409 ಇದ್ದದ್ದು 389ಕ್ಕೂ 405 ಇದ್ದದ್ದು 385ಕ್ಕೂ ಬಂದು, 4 ಮಿಮೀ ಓರೆ ಹಾಗೇ ಉಳಿಯುತ್ತದೆ. ಮೂರನೆಯದು ಎರಡನೇ ಸಲ ಇಳಿಸುವಾಗ ಆಗುವಂಥದ್ದು. ಗಾಡಿ ಈಗಾಗಲೇ 387ರಲ್ಲಿದೆ, ‘ಇನ್ನೂ 20’ ಎಂದುಕೊಂಡು 407 ತುಂಬುತ್ತಾರೆ. ಮಾಡ್ಯೂಲ್‌ನ ಗುರಿಯೇ 407, ಗಾಡಿ ಜಾಗ ಬಿಟ್ಟು ಕದಲುವುದಿಲ್ಲ. ಇದನ್ನು ವಾಲ್ವ್ ಬ್ಲಾಕ್ (ನಾಲ್ಕೂ ಮೂಲೆಗೆ ಗಾಳಿ ಹಂಚುವ ವಾಲ್ವ್‌ಗಳ ಗುಂಪು) ಜಾಮ್ ಆಗಿದೆ ಎಂದು ತಿಳಿಯುವವರಿದ್ದಾರೆ. ಒಟ್ಟು 40 ಬೇಕಾದರೆ 387ಕ್ಕೆ 40 ಸೇರಿಸಿ 427 ತುಂಬಬೇಕು. ಮೂಲ ಎತ್ತರಕ್ಕೆ ಮರಳಲು ನಿಜವಾದ ಅಳತೆಯನ್ನು ಏನೂ ಕೂಡಿಸದೆ ತುಂಬಿದರೆ ಸಾಕು.

ಅಳತೆಯಲ್ಲೇ ನುಸುಳುವ ತಪ್ಪು

ನೆಲದಿಂದ ಫೆಂಡರ್‌ಗೆ ಅಳೆಯಬೇಡಿ. ಟೈರಿನ ಗಾಳಿ, ಸವೆತ, ನೆಲದ ಉಬ್ಬು ಎಲ್ಲವೂ ಅದರಲ್ಲಿ ಸೇರಿಕೊಳ್ಳುತ್ತದೆ. ವೀಲ್ ನಡುವಿನಿಂದ ಅಂಚಿಗೆ ಅಳೆದರೆ ಅದು ಯಾವುದೂ ಬರುವುದಿಲ್ಲ. ಹ್ಯಾಂಡ್‌ಬ್ರೇಕ್ ಬಿಟ್ಟು, ಗಾಡಿಯನ್ನು ಒಂದು ಮೀಟರ್ ಹಿಂದೆ-ಮುಂದೆ ಉರುಳಿಸಿ ಟೈರಿನ ಬಿಗಿತ ತೆಗೆದು, ಬಾಗಿಲು ಮುಚ್ಚಿ, ಒಳಗೆ ಯಾರೂ ಕೂರದಂತೆ ನೋಡಿಕೊಂಡು ಅಳೆಯಿರಿ. ಒಂದೊಂದು ಮೂಲೆಯನ್ನೂ ಎರಡು ಸಲ ಅಳೆದಾಗ ವ್ಯತ್ಯಾಸ 1 ಮಿಮೀ ಒಳಗಿರಬೇಕು.

ಹಳೇ ಗಾಡಿಯಲ್ಲಿ ಇನ್ನೊಂದು ಮೋಸವಿದೆ. ಆಕ್ಸಿಡೆಂಟ್ ಆಗಿ ಫೆಂಡರ್ ಬದಲಿಸಿದ್ದರೆ ಅಥವಾ ಪುಟ್ಟಿ ಲೇಪ ಹಾಕಿ ಅಂಚು ತಿದ್ದಿದ್ದರೆ ಆ ಅಂಚೇ ನಾಲ್ಕೈದು ಮಿಮೀ ಮೇಲೆ-ಕೆಳಗೆ ಆಗಿರಬಹುದು. ಬೆರಳಿನಿಂದ ಅಂಚಿನ ಒಳಮೈ ಸವರಿ ನೋಡಿ. ಒಂದು ಕಡೆ ಕಾರ್ಖಾನೆಯ ತೆಳು ಮಡಿಕೆ, ಇನ್ನೊಂದು ಕಡೆ ದಪ್ಪ, ಒರಟು ಅಂಚು ಸಿಕ್ಕರೆ ಆ ಫೆಂಡರ್ ಅಳತೆಯನ್ನು ನಂಬಬೇಡಿ. ಎರಡೂ ಬದಿಯ ಕೆಳ ಆರ್ಮ್‌ನ ಒಂದೇ ಬೋಲ್ಟಿನಿಂದ ಚಾಸಿಯ ಒಂದೇ ಬಿಂದುವಿಗೆ ಅಳೆದು ಹೋಲಿಸಿ.

‘ಗಾಡಿ ವಾಲಿದೆ’ ಎಂದು ಬಂದಾಗ ಎಷ್ಟೋ ಸಲ ವಾಲಿರುವುದು ನೆಲ. ನಮ್ಮ ಶೆಡ್ಡುಗಳ ಕಾಂಕ್ರೀಟ್ ನೆಲವನ್ನು ನೀರು ಹರಿಯಲೆಂದೇ ಒಂದು ಕಡೆಗೆ ಇಳಿಜಾರು ಮಾಡಿರುತ್ತಾರೆ. ಗಾರೆ ಕೆಲಸದವರ ಲೆವೆಲ್ ಪೈಪ್ ಇಲ್ಲಿ ಯಾವ ಲೇಸರ್‌ಗೂ ಕಡಿಮೆಯಲ್ಲ. ಹತ್ತು ಮೀಟರ್ ಪಾರದರ್ಶಕ ಪೈಪ್‌ಗೆ ಗುಳ್ಳೆ ಇಲ್ಲದಂತೆ ನೀರು ತುಂಬಿ, ನಾಲ್ಕು ಚಕ್ರ ಕೂರುವ ಜಾಗದಲ್ಲಿ ನೀರಿನ ಮಟ್ಟ ಗುರುತಿಸಿಕೊಳ್ಳಿ. ವ್ಯತ್ಯಾಸ 3 ಮಿಮೀ ಮೀರಿದ ಕಡೆ ತೆಳು ತಗಡಿನ ಹಾಳೆ ಇಟ್ಟು ಸಮ ಮಾಡಿ, ಆ ಜಾಗಕ್ಕೆ ಬಣ್ಣದಲ್ಲಿ ಗುರುತು ಹಾಕಿಬಿಡಿ. ಮುಂದಿನ ಎಲ್ಲ ಗಾಡಿಗೂ ಅದೇ ಜಾಗ.

ರಾತ್ರಿಯ ಪರೀಕ್ಷೆ

ಗಾಳಿಯದೋ ಲೆಕ್ಕದ್ದೋ ಎಂದು ತೀರ್ಮಾನಿಸುವ ಪರೀಕ್ಷೆ ಇದು, ಖರ್ಚಿಲ್ಲ. ಸಂಜೆ ಗಾಡಿ ಸಮವಾಗಿ ನಿಂತ ಮೇಲೆ ನಾಲ್ಕೂ ಅಳತೆ, ಗಂಟೆ, ಆಗಿನ ಉಷ್ಣಾಂಶ ಬರೆದುಕೊಳ್ಳಿ. ಮೆನುವಿನಲ್ಲಿ ಜಾಕ್ ಮೋಡ್ ಇದ್ದರೆ ಆನ್ ಮಾಡಿ, ಇಲ್ಲವಾದರೆ ಗಾಡಿ ಲಾಕ್ ಆದ ಮೇಲೂ ಮಾಡ್ಯೂಲ್ ಎಚ್ಚೆತ್ತು ಮಟ್ಟ ಸರಿಪಡಿಸಿ ಪರೀಕ್ಷೆ ಕೆಡಿಸಬಹುದು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಮತ್ತೆ ಅಳೆಯಿರಿ.

ನಾಲ್ಕೂ ಕಡೆ ಸುಮಾರು ಸಮನಾಗಿ ಇಳಿದಿದ್ದರೆ ಗಾಬರಿ ಬೇಡ. ಚಿತ್ರದುರ್ಗದಲ್ಲಿ ಸಂಜೆ 36 ಡಿಗ್ರಿ ಇದ್ದದ್ದು ಬೆಳಗಿನ ಜಾವ 20ಕ್ಕೆ ಬಂದರೆ, ಹೊರೆ ಅಷ್ಟೇ ಇರುವಾಗ ಗಾಳಿಯ ಗಾತ್ರ ಕೆಲ್ವಿನ್ ಲೆಕ್ಕದಲ್ಲಿ 309ರಿಂದ 293ಕ್ಕೆ, ಅಂದರೆ ಶೇಕಡಾ 5ರಷ್ಟು ಕುಗ್ಗುತ್ತದೆ. ಅಷ್ಟಕ್ಕೇ ಗಾಡಿ ಒಂದು ಸೆಂಟಿಮೀಟರ್ ಆಸುಪಾಸು ಕೆಳಗೆ ಬರುತ್ತದೆ. ಒಂದೇ ಮೂಲೆ ಉಳಿದವಕ್ಕಿಂತ ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ ಅದು ಆ ಮೂಲೆಯ ಸೋರಿಕೆ. ಎರಡು ಮೂಲೆ ಒಟ್ಟಿಗೆ ಇಳಿದಿದ್ದರೆ ಮೊದಲ ಅನುಮಾನ ವಾಲ್ವ್ ಬ್ಲಾಕ್ ಮೇಲೆ. ಯಾವುದೂ ಇಳಿಯದೆ, ಸ್ಟಾರ್ಟ್ ಮಾಡಿ ಓಡಿಸಿದಾಗ ಮಾತ್ರ ಒಂದು ಮೂಲೆ ತಗ್ಗಿ ನಿಲ್ಲುತ್ತಿದ್ದರೆ ಸೋರಿಕೆ ಹುಡುಕುವ ಸೋಪಿನ ನೀರು ಕೆಳಗಿಡಿ. ಅದು ಲೆಕ್ಕದ ದೋಷ.

ಲೆಕ್ಕದ ದೋಷ: ಸೆನ್ಸರ್ ಮತ್ತು ಲಿಂಕ್

ಸ್ಕ್ಯಾನರ್‌ನಲ್ಲಿ ಕಾಣುವ ನಾಲ್ಕು ಎತ್ತರಗಳನ್ನು ಕೈಯಿಂದ ಅಳೆದದ್ದರ ಪಕ್ಕ ಬರೆಯಿರಿ. 20 ಮಿಮೀ ಇಳಿಸಿದ ಗಾಡಿಯಲ್ಲಿ ಸ್ಕ್ಯಾನರ್ ಎಲ್ಲ ಕಡೆ ನಿಜಕ್ಕಿಂತ 20 ಹೆಚ್ಚು ತೋರಿಸಬೇಕು. ಮೂರು ಕಡೆ 20 ಇದ್ದು ಒಂದು ಕಡೆ 31 ಇದ್ದರೆ ಆ ಮೂಲೆಯ ಸೆನ್ಸರ್ ಸರಣಿಯನ್ನು ಹಿಡಿಯಿರಿ.

ಲಿಂಕ್ ರಾಡ್‌ನ ಎರಡು ತುದಿಯ ಬಾಲ್ ಜಾಯಿಂಟ್‌ಗಳನ್ನು ಬೆರಳಲ್ಲಿ ಅಲುಗಾಡಿಸಿ. ಲಿಂಕ್ ಕೂತಿರುವುದು ಆರ್ಮ್‌ನ ನಡುಭಾಗದಲ್ಲಿ, ಚಕ್ರ ಇರುವುದು ತುದಿಯಲ್ಲಿ. ಆರ್ಮ್‌ನ ಅರ್ಧದಲ್ಲಿ ಕೂತ ಲಿಂಕಿನ 1 ಮಿಮೀ ಸಡಿಲ ಚಕ್ರದಲ್ಲಿ 2 ಮಿಮೀ ಆಗುತ್ತದೆ. ಭೀಮಸಮುದ್ರದ ಕಡೆಯ ಅದಿರು ಲಾರಿಗಳ ಹಾದಿಯಲ್ಲಿ ಓಡುವ ಗಾಡಿಗಳಲ್ಲಿ ಈ ಜಾಯಿಂಟ್ ಬಿಚ್ಚಿ ನೋಡಿ. ರಬ್ಬರ್ ಟೋಪಿ ಹರಿದಿದ್ದರೆ ಒಳಗೆ ಗ್ರೀಸ್ ಬದಲು ಕೆಂಪು ಹುಡಿ ಮೆತ್ತಿಕೊಂಡಿರುತ್ತದೆ, ತಿರುಗಿಸಿದರೆ ಕರಕರ ಎನ್ನುತ್ತದೆ. ಅಂಥ ಲಿಂಕ್ ಇಟ್ಟುಕೊಂಡು ಮಾಡಿದ ಕ್ಯಾಲಿಬ್ರೇಷನ್ ಬಹಳ ದಿನ ನಿಲ್ಲುವುದಿಲ್ಲ.

ಲಿಂಕ್ ಸರಿಯಿದ್ದರೆ ಮಲ್ಟಿಮೀಟರ್. ಸಾಮಾನ್ಯವಾಗಿ ಸೆನ್ಸರ್‌ಗೆ 5 ವೋಲ್ಟ್ ಸಪ್ಲೈ, ಒಂದು ಗ್ರೌಂಡ್, ಒಂದು ಸಿಗ್ನಲ್. ಲಿಂಕ್ ಕಳಚಿ ತೋಳನ್ನು ನಿಧಾನವಾಗಿ ತಿರುಗಿಸಿದಾಗ ಸಿಗ್ನಲ್ ಸುಮಾರು 0.5ರಿಂದ 4.5 ವೋಲ್ಟ್ ನಡುವೆ ಜಿಗಿತವಿಲ್ಲದೆ ಸಾಗಬೇಕು. ಮಧ್ಯೆ ಎಲ್ಲಾದರೂ ಸೊನ್ನೆಗೋ 5ಕ್ಕೋ ಹಾರಿದರೆ ಸೆನ್ಸರ್ ಹೋಗಿದೆ ಅಥವಾ ಕನೆಕ್ಟರ್‌ನಲ್ಲಿ ಹಸಿರು ತುಕ್ಕು ಹಿಡಿದಿದೆ. ಎ8ನಲ್ಲಿ ಎಡ-ಬಲದ ಸೆನ್ಸರ್‌ಗಳ ತೋಳು ಎದುರುಬದುರು ತಿರುಗುತ್ತವೆ. ಗಾಡಿ ಇಳಿದಾಗ ಒಂದರ ಸಿಗ್ನಲ್ ಏರುತ್ತದೆ, ಇನ್ನೊಂದರದ್ದು ಇಳಿಯುತ್ತದೆ. ಇದು ದೋಷವಲ್ಲ. ಸೆನ್ಸರ್ ಬದಲಿಸಿದ ಮೇಲೆ ಗಾಡಿ ಒಂದು ಕಡೆ ಪೂರ್ತಿ ಏರಿ ಅಥವಾ ಪೂರ್ತಿ ಕೂತರೆ ತೋಳನ್ನು ತಲೆಕೆಳಗಾಗಿ ಕೂರಿಸಿದ್ದೀರಾ ನೋಡಿ.

ಭದ್ರಾ ನಾಲೆಯ ಬಯಲಿನಲ್ಲಿ ಭತ್ತದ ಕೊಯ್ಲು ಮುಗಿದ ದಿನಗಳಲ್ಲಿ ಗದ್ದೆಯ ಇಲಿಗಳು ನಿಂತ ಗಾಡಿಗೆ ನುಗ್ಗುತ್ತವೆ. ಮನೆ ಮುಂದೆ ವಾರಗಟ್ಟಲೆ ನಿಲ್ಲುವ ಗಾಡಿಯಾದರೆ ಸೆನ್ಸರ್ ವೈರನ್ನು ಕೊನೆಯವರೆಗೆ ಕಣ್ಣಿಂದ ನೋಡಿ, ಟೇಪ್ ಸುತ್ತಿದ ಭಾಗವನ್ನೂ ಬಿಚ್ಚಿ.

ಕ್ಯಾಲಿಬ್ರೇಷನ್ ಒಪ್ಪದಿದ್ದರೆ

4ಇಯಲ್ಲಿ ವಿಸಿಡಿಎಸ್ ಎಂಬ ಸ್ಕ್ಯಾನರ್ ಸಾಫ್ಟ್‌ವೇರ್‌ನ ಅಡ್ರೆಸ್ 34ಕ್ಕೆ ಹೋಗಿ, ಮೊದಲು ದೋಷದ ಕೋಡ್‌ಗಳನ್ನು ಓದಿ. ಆಮೇಲೆ ಲಾಗಿನ್ 31564 ಕೊಟ್ಟು, ಅಡಾಪ್ಟೇಷನ್ ಚಾನೆಲ್ 1ರಿಂದ 4ರಲ್ಲಿ ಮುಂದಿನ ಎಡ, ಮುಂದಿನ ಬಲ, ಹಿಂದಿನ ಎಡ, ಹಿಂದಿನ ಬಲ ಎಂಬ ಕ್ರಮದಲ್ಲಿ ಸಂಖ್ಯೆ ತುಂಬಿ, ಚಾನೆಲ್ 5ರಲ್ಲಿ 1 ಕೊಟ್ಟು ಸೇವ್ ಮಾಡಬೇಕು. ಈ ಐದನೆಯದನ್ನು ಮರೆತು ಎದ್ದರೆ 01437, ಅಂದರೆ ಮಟ್ಟ ಕಲಿತಿಲ್ಲ ಎನ್ನುವ ಕೋಡ್ ಉಳಿಯುತ್ತದೆ, ಹಳದಿ ಲೈಟ್ ಹೋಗುವುದಿಲ್ಲ. ನಾಲ್ಕೂ ಅಳತೆ ಮೊದಲೇ ಕಾಗದದ ಮೇಲಿರಲಿ. ಒಂದು ತುಂಬಿ ಇನ್ನೊಂದನ್ನು ಅಳೆಯಲು ಹೋದರೆ ಅಷ್ಟರಲ್ಲಿ ಗಾಡಿ ಅಲುಗಿರಬಹುದು.

ಸಂಖ್ಯೆ ಸ್ವೀಕರಿಸದೆ ಎರರ್ ಕೊಟ್ಟರೆ ಬ್ಯಾಟರಿ ವೋಲ್ಟೇಜ್, ತೆರೆದ ಬಾಗಿಲು, ಆನ್ ಆಗೇ ಉಳಿದ ಜಾಕ್ ಮೋಡ್, ಮೊದಲೇ ಇದ್ದ ಸೆನ್ಸರ್ ಕೋಡ್ ಇವುಗಳನ್ನು ನೋಡಿ. ಚಾರ್ಜರ್ ಹಾಕಿಕೊಂಡೇ ಕೆಲಸ ಮಾಡುವುದು ಒಳ್ಳೆಯದು. ಇವೆಲ್ಲ ಸರಿಯಿದ್ದೂ ಒಂದೇ ಮೂಲೆ ಒಪ್ಪದಿದ್ದರೆ ಸಿಗ್ನಲ್ ಮಾಡ್ಯೂಲ್ ಒಪ್ಪುವ ಮಿತಿಯಾಚೆ ಇದೆ ಎಂದರ್ಥ. ಬಾಗಿದ ಸೆನ್ಸರ್ ಬ್ರಾಕೆಟ್ ಸಾಮಾನ್ಯ ಕಾರಣ.

ಗಾಳಿಯ ದೋಷ

ಅಡಿಗೆ ಕೈ ಹಾಕುವ ಮೊದಲು ಒಂದು ಮಾತು. ಗಾಳಿಯ ಮೇಲೆ ನಿಂತ ಗಾಡಿಯ ಕೆಳಗೆ ಎಂದೂ ತಲೆ ತೂರಿಸಬೇಡಿ, ವಾಲ್ವ್ ತೆರೆದರೆ ಗಾಡಿ ಹೇಳದೆ ಕೇಳದೆ ಕೆಳಗೆ ಬರುತ್ತದೆ. ಚಾಸಿಗೆ ಸ್ಟ್ಯಾಂಡ್ ಕೊಡಿ. ಪೈಪ್ ಬಿಚ್ಚುವ ಮೊದಲು ಸ್ಕ್ಯಾನರ್‌ನಿಂದ ಆ ಮೂಲೆಯ ಗಾಳಿ ಬಿಡಿ. ಎ8ನ ಟ್ಯಾಂಕಿನಲ್ಲಿ ಒತ್ತಡ 16 ಬಾರ್‌ವರೆಗೆ ಇರುತ್ತದೆ.

ಒಂದು ಲೀಟರ್ ನೀರಿಗೆ ಎರಡು-ಮೂರು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಸ್ಪ್ರೇ ಬಾಟಲಿಯಲ್ಲಿ ತುಂಬಿ. ಸ್ಟ್ರಟ್ ಮೇಲಿನ ಪೈಪ್ ಫಿಟ್ಟಿಂಗ್, ವಾಲ್ವ್ ಬ್ಲಾಕ್‌ನ ಎಲ್ಲ ಫಿಟ್ಟಿಂಗ್, ಕೊನೆಗೆ ಬೆಲ್ಲೋಸ್‌ನ (ಗಾಳಿ ತುಂಬಿದ ರಬ್ಬರ್ ಚೀಲದ) ಕೆಳ ಮಡಿಕೆ, ಇವಕ್ಕೆಲ್ಲ ಸ್ಪ್ರೇ ಮಾಡಿ. ಇಳಿಸಿದ ಗಾಡಿಯಲ್ಲಿ ಬೆಲ್ಲೋಸ್ ಪರೀಕ್ಷೆಯನ್ನು ಒಂದೇ ಎತ್ತರದಲ್ಲಿ ಮುಗಿಸಬಾರದು. ವರ್ಷಗಟ್ಟಲೆ ರಬ್ಬರ್ ಮಡಿಚಿಕೊಂಡದ್ದು ಒಂದು ಗೆರೆಯಲ್ಲಿ, 20 ಮಿಮೀ ಇಳಿದ ಮೇಲೆ ಮಡಿಚಿಕೊಳ್ಳುತ್ತಿರುವುದು ಬೇರೆ ಗೆರೆಯಲ್ಲಿ. ಧೂಳು, ಕೆಸರು ಒಣಗಿ ಕೂತಿದ್ದ ಭಾಗ ಈಗ ಮಡಿಕೆಯೊಳಗೆ ಉಜ್ಜುತ್ತದೆ. ಒಂದು ಎತ್ತರದಲ್ಲಿ ಮುಚ್ಚಿಕೊಂಡ ಬಿರುಕು ಇನ್ನೊಂದರಲ್ಲಿ ಬಾಯಿ ಬಿಡುತ್ತದೆ. ತಗ್ಗು, ಸಾಮಾನ್ಯ, ಎತ್ತರ ಮೂರರಲ್ಲೂ ಸ್ಪ್ರೇ ಮಾಡಿ, ಒಂದೊಂದು ಕಡೆ ಎರಡು ನಿಮಿಷ ಕಾದು ನೋಡಿ. ಬೆಲ್ಲೋಸ್ ಸುತ್ತ ಅಲ್ಯೂಮಿನಿಯಂ ಕವಚ ಇರುವ ಸ್ಟ್ರಟ್‌ನಲ್ಲಿ ಬಿರುಕು ಕಾಣುವುದಿಲ್ಲ, ಕವಚದ ಕೆಳಗಿನ ಬೂಟ್ ಸರಿಸಿ ಸಂದಿಯಿಂದ ಬರುವ ನೊರೆಯನ್ನೇ ನೋಡಬೇಕು.

ವಾಟರ್ ಸರ್ವಿಸ್‌ಗೆ ಬಿಟ್ಟಾಗ ಅಡಿಗೆ ಡೀಸೆಲ್ ಸ್ಪ್ರೇ ಮಾಡಿಸುವ ರೂಢಿ ನಮ್ಮಲ್ಲಿದೆ. ಈ ಗಾಡಿಗೆ ಅದು ವಿಷ. ಡೀಸೆಲ್ ಬಿದ್ದ ರಬ್ಬರ್ ಉಬ್ಬಿ ಮೆತ್ತಗಾಗಿ ಸಾಯುತ್ತದೆ. ಸರ್ವಿಸ್ ಹುಡುಗರಿಗೆ ಬಾಯಲ್ಲಿ ಹೇಳಿದರೆ ಸಾಲದು, ಜಾಬ್ ಕಾರ್ಡ್ ಮೇಲೆ ಬರೆಸಿ.

ಇನ್ನು ಕಂಪ್ರೆಸರ್. ಗಾಡಿ ಕೆಳಗಿದ್ದರೆ ಕಂಪ್ರೆಸರ್‌ಗೆ ಹೊರೆ ಹೆಚ್ಚು ಎಂಬ ನಂಬಿಕೆ ಸರಿಯಲ್ಲ. ಹೊರೆ ಅಷ್ಟೇ ಇರುವುದರಿಂದ ಒತ್ತಡ ಹೆಚ್ಚುಕಮ್ಮಿ ಅಷ್ಟೇ, ಬೇಕಾದ ಗಾಳಿ ಇನ್ನೂ ಕಡಿಮೆ. ಕಂಪ್ರೆಸರನ್ನು ಸುಡುವುದು ಸೋರಿಕೆ ಮತ್ತು ಹಂಪ್‌ಗಳು. ಇಳಿಸಿದ ಗಾಡಿಯವರು ಪ್ರತಿ ಹಂಪ್ ಬಂದಾಗ ಲಿಫ್ಟ್ ಬಟನ್ ಒತ್ತುತ್ತಾರೆ, ದಾಟಿದ ಮೇಲೆ ಇಳಿಸುತ್ತಾರೆ. ಎ8ನಲ್ಲಿ 35 ಕಿಮೀಗಿಂತ ಕಡಿಮೆ ವೇಗದಲ್ಲಿ ಗಾಳಿ ಮುಖ್ಯವಾಗಿ ಟ್ಯಾಂಕಿನಿಂದ ಬರುತ್ತದೆ, ಅದರ ಮೇಲೆ ಕಂಪ್ರೆಸರ್‌ನಿಂದ. ಹಳ್ಳಿ ಹಾದಿಯಲ್ಲಿ ಹತ್ತು ಹಂಪ್ ದಾಟುವಷ್ಟರಲ್ಲಿ ಟ್ಯಾಂಕ್ ಬರಿದು, ಆಮೇಲೆ ಕಂಪ್ರೆಸರ್ ಬಿಸಿಯಾಗುವವರೆಗೆ ಓಡುತ್ತದೆ, ಮಾಡ್ಯೂಲ್ ಅದನ್ನು ನಿಲ್ಲಿಸುತ್ತದೆ. ಗಾಡಿ ಏರದೆ ಅಲ್ಲೇ ನಿಂತರೆ ಎಂಜಿನ್ ಆನ್ ಇಟ್ಟು ಸ್ವಲ್ಪ ಹೊತ್ತು ಕಾಯಿರಿ, ತಣಿದ ಮೇಲೆ ಏರಿದರೆ ಅದು ಕೆಟ್ಟಿಲ್ಲ. ತಣ್ಣಗಿದ್ದಾಗಲೂ ತುಂಬಲು ತುಂಬಾ ಹೊತ್ತು ಹಿಡಿದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಕಂಪ್ರೆಸರ್ ಬದಲಿಸುವಾಗ ರಿಲೇಯನ್ನೂ ಬದಲಿಸಿ. ಹಳೇ ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡರೆ ಹೊಸ ಕಂಪ್ರೆಸರ್ ನಿಲ್ಲದೆ ಓಡಿ ಸುಟ್ಟುಹೋಗುತ್ತದೆ.

ಎಷ್ಟು ಇಳಿಸಬಹುದು

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡ ಐಆರ್‌ಸಿ 99ರ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಮೀ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಎ8ನ ವೀಲ್‌ಬೇಸ್ 2,944 ಮಿಮೀ. ಇಂಥ ಹಂಪ್ ಗಾಡಿಯ ನಡುವೆ ಬಂದಾಗ ಚಕ್ರಗಳೂ ಕಮಾನಿನ ಮೇಲೇ ಇರುವುದರಿಂದ ಹೊಟ್ಟೆಯ ಅಡಿ ಅದು ಏರುವುದು 63 ಮಿಮೀ ಮಾತ್ರ. ಅಂದರೆ ನಿಯಮದ ಪ್ರಕಾರ ಹಾಕಿದ ಹಂಪ್‌ನಿಂದ ತೊಂದರೆಯಿಲ್ಲ. ತಳ ಹೊಡೆಯುವುದು ಊರವರು ಜಲ್ಲಿ, ಡಾಂಬರು ಸುರಿದು ಹಾಕಿದ ಮೀಟರ್ ಅಗಲದ, ಹದಿನೈದು ಸೆಂಮೀ ಎತ್ತರದ ದಿಂಡುಗಳಿಂದ. ಅಲ್ಲಿ ಚಕ್ರ ಪೂರ್ತಿ ಕೆಳಗೆ, ದಿಂಡು ಪೂರ್ತಿ ನಡುವೆ.

ಇನ್ನೊಂದು ಲೆಕ್ಕ ಮರೆಯುವಂತಿಲ್ಲ. ಎ8 ಆಟೋಮ್ಯಾಟಿಕ್ ಮೋಡ್‌ನಲ್ಲಿ 120 ಕಿಮೀ ವೇಗ ಮೀರಿ 30 ಸೆಕೆಂಡ್ ಓಡಿದರೆ ತಾನೇ 25 ಮಿಮೀ ಇಳಿಯುತ್ತದೆ. ನೀವು ಇಳಿಸಿದ 20 ಅದಕ್ಕೆ ಸೇರಿ 45 ಆಗುತ್ತದೆ. ಬಂಪ್ ಸ್ಟಾಪ್‌ಗೆ (ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ತಡೆಯುವ ದಿಂಬು) ಉಳಿಯುವ ಜಾಗ ಅಷ್ಟೂ ಕಡಿಮೆ. ಜೊತೆಗೆ ಬೆಲ್ಲೋಸ್‌ನೊಳಗಿನ ಗಾಳಿಯ ಗಾತ್ರ ಕಡಿಮೆಯಾದಷ್ಟು ಸ್ಪ್ರಿಂಗ್ ಗಡುಸಾಗುತ್ತದೆ. ‘ಇಳಿಸಿದ ಮೇಲೆ ಧಡ್ ಅನ್ನುತ್ತದೆ’ ಎಂದರೆ ಶಾಕ್ ಹೋಗಿರಲೇಬೇಕೆಂದಿಲ್ಲ, ಸ್ಟಾಪ್‌ಗೆ ತಗಲುತ್ತಿರಬಹುದು. ಸ್ಟಾಪ್ ಕಾಣುವಂತಿದ್ದರೆ ಅದಕ್ಕೆ ಸೀಮೆಸುಣ್ಣ ಬಳಿದು ಒಂದು ಸುತ್ತು ಓಡಿಸಿ ನೋಡಿ, ಅಳಿಸಿದ್ದರೆ ಅದೇ. ನಮ್ಮ ಭಾಗದ ರಸ್ತೆಗೆ, ಸಾಮಾನ್ಯ ಸಸ್ಪೆನ್ಷನ್ ಗಾಡಿಯನ್ನು 15ರಿಂದ 20 ಮಿಮೀಗಿಂತ ಹೆಚ್ಚು ಇಳಿಸಬಾರದು. ಸ್ಪೋರ್ಟ್ಸ್ ಇದ್ದರೆ ಮುಟ್ಟದಿರುವುದೇ ಮೇಲು.

ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ. ಇಳಿದ ಗಾಡಿಯ ಚಕ್ರದ ಮೇಲ್ಭಾಗ ಒಳಕ್ಕೆ ವಾಲುತ್ತದೆ, ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡುವ ಓರೆ) ಬದಲಾಗುತ್ತದೆ, ಟೈರಿನ ಒಳ ಅಂಚು ಹೊರಗಿಂದ ಕಾಣದಂತೆ ತಂತಿಯವರೆಗೆ ಸವೆಯುತ್ತದೆ. ಹೆಡ್‌ಲೈಟ್ ಬೇಸಿಕ್ ಸೆಟ್ಟಿಂಗ್ ಕೂಡ ಮಾಡಿಸಿ, ಲೈಟಿನ ಮಟ್ಟವೂ ಇದೇ ಹೈಟ್ ಸೆನ್ಸರ್‌ಗಳನ್ನು ನಂಬಿದೆ. ಮುಂದೆ-ಹಿಂದೆ 20 ಮಿಮೀ ವ್ಯತ್ಯಾಸ ಉಳಿದರೆ 25 ಮೀಟರ್ ದೂರದಲ್ಲಿ ಬೆಳಕು 17 ಸೆಂಮೀ ಏರುಪೇರಾಗುತ್ತದೆ, ಹಳೇ ಪಿ.ಬಿ. ರಸ್ತೆಯಲ್ಲಿ ಎದುರು ಬರುವ ಬೈಕಿನವನ ಕಣ್ಣಿಗೆ ಹೊಡೆಯಲು ಅಷ್ಟು ಸಾಕು. ಮೂಲ ಅಳತೆ, ತುಂಬಿದ ಸಂಖ್ಯೆ, ತಾರೀಖು ಬರೆದು ಸರ್ವಿಸ್ ಪುಸ್ತಕದ ಒಳರಟ್ಟಿಗೆ ಅಂಟಿಸಿ. ಮುಂದೆ ಆ ಗಾಡಿ ಮುಟ್ಟುವವರಿಗೆ ಇದು ಗೊತ್ತಿಲ್ಲದಿದ್ದರೆ ಅವರ ಲೆಕ್ಕವೆಲ್ಲ ತಪ್ಪುತ್ತದೆ.

ಹೈವೇಯಲ್ಲಿ, ಹಿರಿಯೂರಿನ ಹತ್ತಿರವೋ ಹರಿಹರದ ಹತ್ತಿರವೋ, ಒಂದು ಮೂಲೆ ಪೂರ್ತಿ ಕೂತುಬಿಟ್ಟರೆ ಓಡಿಸಬೇಡಿ, ಟೈರ್ ಫೆಂಡರ್ ಒಳಗೆ ಉಜ್ಜಿ ಸಿಡಿಯುತ್ತದೆ. ಹುಕ್ ಹಾಕಿ ಎಳೆಸುವುದೂ ಬೇಡ, ಫ್ಲ್ಯಾಟ್‌ಬೆಡ್ ಕರೆಸಿ. ಕೂತ ಗಾಡಿಯ ಬಂಪರ್ ಹಲಗೆಯ ತುದಿಗೆ ತಗಲುತ್ತದೆ, ಹಾಗಾಗಿ ಫೋನಿನಲ್ಲೇ ಎರಡು ಉದ್ದ ಮರದ ಹಲಗೆ ತರಲು ಹೇಳಿ, ಗಾಡಿ ಕಟ್ಟುವಾಗ ಬೆಲ್ಟನ್ನು ಚಕ್ರಕ್ಕೆ ಹಾಕಿಸಿ, ಬಾಡಿಗಾಗಲಿ ಸಸ್ಪೆನ್ಷನ್ ಆರ್ಮ್‌ಗಾಗಲಿ ಅಲ್ಲ.